ನಿಲ್ದಾಣವೇನೋ ಹೊಸದಾಯಿತು, ರೈಲು ಯಾವ ಹೊತ್ತಿಗೆ?

2025ರ ಮೇ ತಿಂಗಳಿನಲ್ಲಿ ಕೊಪ್ಪಳ ಜಿಲ್ಲೆ ಒಂದೇ ವಾರದ ಅಂತರದಲ್ಲಿ ಎರಡು ರೈಲ್ವೆ ಸಮಾರಂಭಗಳನ್ನು ಕಂಡಿತು. ಮೇ 15ರಂದು ಕುಷ್ಟಗಿಗೆ ಮೊತ್ತಮೊದಲ ಪ್ರಯಾಣಿಕ ರೈಲು ದೊರೆತು, ಆ ಊರು ತಳಕಲ್ ಮಾರ್ಗವಾಗಿ ಹುಬ್ಬಳ್ಳಿಯೊಂದಿಗೆ ಬೆಸೆದುಕೊಂಡಿತು. ಮೇ 22ರಂದು ಅಮೃತ ಭಾರತ ನಿಲ್ದಾಣ ಯೋಜನೆಯಡಿ ನವೀಕರಣಗೊಂಡ ದೇಶದ 103 ನಿಲ್ದಾಣಗಳು ಉದ್ಘಾಟನೆಯಾದಾಗ ಅವುಗಳಲ್ಲಿ ಮುನಿರಾಬಾದ್ ಕೂಡ ಒಂದಾಗಿತ್ತು. ಜಿಲ್ಲಾ ಕೇಂದ್ರವಾದ ಕೊಪ್ಪಳದ ನಿಲ್ದಾಣದ ಹೆಸರು ಇದೇ ಯೋಜನೆಯ ಮೊದಲ ಕಂತಿನಲ್ಲಿ, 2023ರ ಆಗಸ್ಟ್ 6ರಂದು ಶಂಕುಸ್ಥಾಪನೆಯಾದ 508 ನಿಲ್ದಾಣಗಳ ಪಟ್ಟಿಯಲ್ಲಿಯೇ ಸೇರಿತ್ತು. ದಶಕಗಳ ಕಾಲ ರೈಲ್ವೆ ಬಜೆಟ್ಟಿನ ದಿನ ರೇಡಿಯೊ ಮುಂದೆ ಕುಳಿತು ನಿರಾಶರಾಗುತ್ತಿದ್ದ ಒಂದು ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ಸಂಭ್ರಮ ಸಹಜವಾದದ್ದೇ. ಆದರೆ ಸಂಭ್ರಮದ ನಡುವೆ ಒಂದು ಪ್ರಶ್ನೆ ಹಿಂದೆ ಸರಿದಿದೆ: ಈ ನಿಲ್ದಾಣಗಳು ಯಾರಿಗೆ, ಯಾವ ಹೊತ್ತಿಗೆ, ಎಲ್ಲಿಗೆ ಹೋಗಲು ನೆರವಾಗಲಿವೆ?

ಈ ಪ್ರಶ್ನೆ ಕೊಪ್ಪಳಕ್ಕೆ ಹೊಸದಲ್ಲ. ಅದು ನೂರನಲವತ್ತು ವರ್ಷಗಳಷ್ಟು ಹಳೆಯದು.

1876–78ರ ಭೀಕರ ಕ್ಷಾಮವನ್ನು ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಅದರ ಬೆನ್ನಿಗೇ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ನೀಡಿ, ಬರಪೀಡಿತ ಪ್ರದೇಶಗಳಿಗೆ ಧಾನ್ಯ ಸಾಗಿಸಲು ರೈಲುಮಾರ್ಗಗಳನ್ನು ವಿಸ್ತರಿಸಬೇಕೆಂದು ಶಿಫಾರಸು ಮಾಡಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಆ ದಶಕದಲ್ಲಿ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಮೀಟರ್ ಗೇಜ್ ಹಳಿಯಿಂದ ಜೋಡಿಸಿತು. ಕಂಪೆನಿಯ ಕೇಂದ್ರ ಕಚೇರಿ ಇದ್ದದ್ದು ಧಾರವಾಡದಲ್ಲಿ. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಕಟ್ಟಡ ಅದೇ. ಗದಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಹೊಸಪೇಟೆ ಮದ್ರಾಸ್ ಪ್ರಾಂತಕ್ಕೆ. ಇವೆರಡರ ನಡುವೆ ಅಡ್ಡಲಾಗಿ ಇದ್ದದ್ದು ನಿಜಾಮರ ಸೀಮೆ, ಅದರಲ್ಲೂ ಸಾಲಾರ್ ಜಂಗರ ಜಹಗೀರಿಯಾಗಿದ್ದ ಕೊಪ್ಪಳ. ಎರಡು ಬ್ರಿಟಿಷ್ ಪ್ರಾಂತಗಳನ್ನು ಕೂಡಿಸಲು ಹೊರಟ ಹಳಿ ದಾರಿಯಲ್ಲಿ ಸಿಕ್ಕ ಕೊಪ್ಪಳವನ್ನು ದಾಟಿಕೊಂಡು ಹೋಯಿತು. ರೈಲು ಬಂದದ್ದು ಕೊಪ್ಪಳದ ಮೂಲಕ, ಕೊಪ್ಪಳಕ್ಕಾಗಿ ಅಲ್ಲ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಕೊಪ್ಪಳ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ರಾಯಚೂರು ರೈಲಿನ ಲೆಕ್ಕದಲ್ಲಿ ಹಿಂದುಳಿದ ಊರೇನೂ ಅಲ್ಲ. ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ಸಂಧಿಸಿದ್ದು ಅಲ್ಲಿಯೇ. ಆದರೆ ಕೊಪ್ಪಳದ ರೈತನೊಬ್ಬ ತನ್ನ ಜಿಲ್ಲಾ ಕೇಂದ್ರಕ್ಕೆ ರೈಲಿನಲ್ಲಿಯೇ ಹೋಗುತ್ತೇನೆಂದು ಹೊರಟರೆ ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ಲಿಗೆ ಹೋಗಿ, ಅಲ್ಲಿ ಮೀಟರ್ ಗೇಜ್ ಗಾಡಿಯಿಂದಿಳಿದು ಬ್ರಾಡ್ ಗೇಜ್ ಗಾಡಿ ಹತ್ತಿ ಮತ್ತೆ ಉತ್ತರಕ್ಕೆ ಬರಬೇಕಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಅವಿಭಜಿತ ರಾಯಚೂರು ಜಿಲ್ಲೆಯಲ್ಲಿ ನಾನು ಕಿರಿಯ ಅಧಿಕಾರಿಯಾಗಿದ್ದಾಗ ಕೊಪ್ಪಳದಿಂದ ರಾಯಚೂರಿನ ಸಭೆಗಳಿಗೆ ರೈಲಿನಲ್ಲಿ ಹೋದವರನ್ನು ಕಂಡವನಲ್ಲ. ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಎಲ್ಲರೂ ಬಸ್ಸಿನಲ್ಲೋ ಜೀಪಿನಲ್ಲೋ ಸವೆಸುತ್ತಿದ್ದರು. ಊರಿನಲ್ಲಿ ನಿಲ್ದಾಣವಿತ್ತು, ಹಳಿಯಿತ್ತು, ಸ್ಟೇಷನ್ ಮಾಸ್ತರರೂ ಇದ್ದರು. ಬೇಕಾದ ಊರಿಗೆ ಬೇಕಾದ ಹೊತ್ತಿಗೆ ಗಾಡಿ ಮಾತ್ರ ಇರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಓದಿದ ರಮೇಶಚಂದ್ರ ದತ್ತರು ಬ್ರಿಟಿಷ್ ಸರ್ಕಾರ ನೀರಾವರಿಯನ್ನು ಕಡೆಗಣಿಸಿ ರೈಲ್ವೆಗೆ ಹಣ ಸುರಿದದ್ದನ್ನು ಕಟುವಾಗಿ ಟೀಕಿಸಿದ್ದರು. ರೈಲೋ ನೀರೋ ಎಂಬ ಆ ವಾದಕ್ಕೆ ಕೊಪ್ಪಳ ಜಿಲ್ಲೆಯಷ್ಟು ಒಳ್ಳೆಯ ಪಾಠಶಾಲೆ ಬೇರೆ ಸಿಗಲಾರದು. ಜಿಲ್ಲೆಯ ನಾಲ್ಕು ಮೂಲ ತಾಲ್ಲೂಕುಗಳನ್ನೇ ನೋಡಿ. ಕೊಪ್ಪಳಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೈಲು ಸಿಕ್ಕಿತು. ಗಂಗಾವತಿಗೆ ವಿಜಯನಗರದ ಕಾಲುವೆಗಳ ಪರಂಪರೆಯ ಮೇಲೆ, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯ ನೀರು ಸಿಕ್ಕಿತು. ಅದು ಭತ್ತದ ಕಣಜವಾಯಿತು, ಆದರೆ ಅಕ್ಕಿ ಗಿರಣಿಗಳ ಆ ಊರಿಗೆ 2019ರವರೆಗೆ ರೈಲಿರಲಿಲ್ಲ. ಕುಷ್ಟಗಿ, ಯಲಬುರ್ಗಾಗಳಿಗೆ ಎರಡೂ ಸಿಗಲಿಲ್ಲ. ಗದಗ–ಕೊಪ್ಪಳ ಹಳಿ ಯಲಬುರ್ಗಾ ತಾಲ್ಲೂಕಿನ ದಕ್ಷಿಣದಂಚನ್ನು ಸವರಿಕೊಂಡು ಹೋಯಿತೇ ಹೊರತು ಪಟ್ಟಣವನ್ನು ಮುಟ್ಟಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನ ಕುರಿತು ವರದಿ ನೀಡಿದಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕುಷ್ಟಗಿ ಮತ್ತು ಯಲಬುರ್ಗಾ ಎರಡೂ ಇದ್ದವು. ನೀರೂ ಇಲ್ಲದ, ಹಳಿಯೂ ಇಲ್ಲದ ಈ ಎರಡು ತಾಲ್ಲೂಕುಗಳಿಂದಲೇ ಬೇಸಿಗೆ ಬಂತೆಂದರೆ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಜನ ಗುಳೆ ಹೋಗುವುದು ವಾಡಿಕೆಯಾಯಿತು.

ಈ ಕೊರತೆಯನ್ನು ತುಂಬಲು ಎರಡು ಹೊಸ ಮಾರ್ಗಗಳು ರೂಪುಗೊಂಡವು. ಗಿಣಿಗೇರಾದಿಂದ ಗಂಗಾವತಿ, ಸಿಂಧನೂರು, ರಾಯಚೂರು ಮೂಲಕ ತೆಲಂಗಾಣದ ಮಹಬೂಬ್‌ನಗರದ ಕಡೆಗೆ ಸಾಗುವ ಮಾರ್ಗ 1997–98ರಲ್ಲಿ ಮಂಜೂರಾಯಿತು. ಕಾಲದ ವ್ಯಂಗ್ಯ ನೋಡಿ: 1997ರ ಆಗಸ್ಟ್ 24ರಂದು ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಜಿಲ್ಲಾ ಕೇಂದ್ರಕ್ಕೆ ನೇರ ರೈಲು ಮಂಜೂರಾಗುವ ಹೊತ್ತಿಗೆ ಅದು ತನ್ನ ಜಿಲ್ಲಾ ಕೇಂದ್ರವಾಗಿ ಉಳಿದಿರಲಿಲ್ಲ. ಗಿಣಿಗೇರಾದಿಂದ ಗಂಗಾವತಿಯ ಸುಮಾರು ನಲವತ್ತು ಕಿಲೋಮೀಟರ್ ದೂರವನ್ನು ಕ್ರಮಿಸಲು ಹಳಿಗೆ ಎರಡು ದಶಕಗಳೇ ಬೇಕಾದವು. 2024ರಲ್ಲಿ ಅದು ಸಿಂಧನೂರನ್ನು ಮುಟ್ಟಿತು. ಎರಡನೆಯದು 2013–14ರಲ್ಲಿ ಮಂಜೂರಾದ, ಸುಮಾರು 250 ಕಿಲೋಮೀಟರ್ ಉದ್ದದ ಗದಗ–ವಾಡಿ ಮಾರ್ಗ. ತಳಕಲ್ಲಿನಲ್ಲಿ ಹಳೆಯ ಹಳಿಯಿಂದ ಕವಲೊಡೆದು ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ ಬಂದಿರುವುದು ಇದೇ. ಎರಡೂ ಯೋಜನೆಗಳಲ್ಲಿ ವೆಚ್ಚದ ಅರ್ಧ ಪಾಲನ್ನು ರಾಜ್ಯ ಸರ್ಕಾರ ಹೊತ್ತಿದೆ, ಭೂಮಿಯನ್ನೂ ಒದಗಿಸಿದೆ. ಅಂದರೆ ಇದು ದಿಲ್ಲಿಯ ಕೊಡುಗೆಯಷ್ಟೇ ಅಲ್ಲ, ಕನ್ನಡಿಗರ ತೆರಿಗೆ ಹಣವೂ ಹೌದು. ಈ ಮಾತಿಗೆ ಮುಂದೆ ಮರಳುತ್ತೇನೆ.

ಈಗ ನಿಲ್ದಾಣಗಳ ಪುನರಭಿವೃದ್ಧಿಯ ವಿಷಯಕ್ಕೆ ಬರೋಣ. ಅಮೃತ ಭಾರತ ಯೋಜನೆ ದೊಡ್ಡ ಗಾತ್ರದ್ದು. 2023ರ ಆಗಸ್ಟ್‌ನಲ್ಲಿ ಆರಂಭವಾದ 508 ನಿಲ್ದಾಣಗಳಿಗೆ ಅಂದಾಜು ಮಾಡಿದ ವೆಚ್ಚ 24,470 ಕೋಟಿ ರೂಪಾಯಿ. ಸರಾಸರಿ ಪ್ರತಿ ನಿಲ್ದಾಣಕ್ಕೆ ಸುಮಾರು 48 ಕೋಟಿ. 2025ರ ಮೇನಲ್ಲಿ ಉದ್ಘಾಟನೆಯಾದ 103 ನಿಲ್ದಾಣಗಳಿಗೆ ತಗುಲಿದ್ದು ಸುಮಾರು 1,100 ಕೋಟಿ. ಸರಾಸರಿ 11 ಕೋಟಿಯ ಆಸುಪಾಸು. ಮಹಾನಗರಗಳ ಬೃಹತ್ ನಿಲ್ದಾಣಗಳು ಮೊದಲ ಸರಾಸರಿಯನ್ನು ಮೇಲಕ್ಕೆಳೆದಿವೆ ಎಂಬುದನ್ನು ಗಮನದಲ್ಲಿಡಬೇಕು. ಹೇಗಿದ್ದರೂ ಸಣ್ಣ ಪಟ್ಟಣವೊಂದರ ನಿಲ್ದಾಣಕ್ಕೆ ಕೋಟಿಗಳ ಲೆಕ್ಕದಲ್ಲಿ ಹಣ ಹರಿಯುತ್ತಿರುವುದು ಇದೇ ಮೊದಲು. ಹೊಸ ಮುಂಭಾಗ, ವಿಶಾಲ ಅಂಗಳ, ನಿರೀಕ್ಷಣಾ ಕೊಠಡಿಗಳು, ಲಿಫ್ಟ್, ಎಸ್ಕಲೇಟರ್, ಉಚಿತ ವೈ-ಫೈ, ಸ್ಥಳೀಯ ಉತ್ಪನ್ನಗಳ ಮಳಿಗೆ ಎಲ್ಲವೂ ಯೋಜನೆಯ ಪಟ್ಟಿಯಲ್ಲಿವೆ.

ಇವು ಬೇಡವೆಂದು ಹೇಳುವ ಸಿನಿಕತನ ನನ್ನದಲ್ಲ. ಮೊಣಕಾಲು ನೋವಿನ ಮುದುಕಿಗೆ ಲಿಫ್ಟ್ ಅಲಂಕಾರವಲ್ಲ. ರಾತ್ರಿ ಗಾಡಿಗೆ ಕಾಯುವ ಹೆಣ್ಣುಮಕ್ಕಳಿಗೆ ಬೆಳಕಿರುವ ಪ್ಲಾಟ್‌ಫಾರಂ, ಬಾಗಿಲು ಮುಚ್ಚುವ ಶೌಚಾಲಯ ಐಷಾರಾಮವಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬರುವ ಸಾವಿರಾರು ಭಕ್ತರಿಗೆ ಮುನಿರಾಬಾದಿನಲ್ಲಿ ನೆರಳು, ನೀರು ಸಿಕ್ಕರೆ ಅದು ಪುಣ್ಯದ ಕೆಲಸವೇ. ಕಿನ್ನಾಳದ ಬಣ್ಣದ ಗೊಂಬೆಗಳಿಗೆ ನಿಲ್ದಾಣದಲ್ಲೊಂದು ಮಳಿಗೆ ದೊರೆತರೆ ಒಂದು ಪರಂಪರೆಗೆ ಆಸರೆಯಾದೀತು.

ನನ್ನ ತಕರಾರು ಬೇರೆ. ನಿಲ್ದಾಣವನ್ನು ವ್ಯಾಪಾರದ, ನಗರ ಜೀವನದ ಕೇಂದ್ರವಾಗಿ ರೂಪಿಸುವ ಕಲ್ಪನೆ ಎಲ್ಲಿ ಗೆದ್ದಿತೆಂಬುದನ್ನು ನೋಡಬೇಕು. ಜಪಾನಿನ ಒಸಾಕಾದಲ್ಲಿ ಇಚಿಜೊ ಕೊಬಯಾಶಿ ಎಂಬ ಉದ್ಯಮಿ 1910ರಲ್ಲಿ ಉಪನಗರಕ್ಕೆ ವಿದ್ಯುತ್ ರೈಲು ಆರಂಭಿಸಿದರು. ಹಳಿಯ ಪಕ್ಕದಲ್ಲಿ ಮನೆಗಳನ್ನು ಕಟ್ಟಿ ಮಧ್ಯಮ ವರ್ಗಕ್ಕೆ ಕಂತಿನಲ್ಲಿ ಮಾರಿದರು. ಆ ಮನೆಗಳವರು ದಿನವೂ ರೈಲಿನಲ್ಲಿ ಓಡಾಡತೊಡಗಿ ಜನಸಂದಣಿ ನೆಲೆಗೊಂಡ ಮೇಲೆ, 1929ರಲ್ಲಿ, ಉಮೇದಾ ನಿಲ್ದಾಣದಲ್ಲಿ ಬಹುಮಹಡಿ ಮಳಿಗೆ ತೆರೆದರು. ಅನುಕ್ರಮವನ್ನು ಗಮನಿಸಿ: ಮೊದಲು ಗಾಡಿ, ಆಮೇಲೆ ಜನ, ಕೊನೆಗೆ ಅಂಗಡಿ. ನಾವು ಈ ಸರಪಳಿಯನ್ನು ಕೊನೆಯಿಂದ ಹಿಡಿಯಲು ಹೊರಟಿದ್ದೇವೆ. ನಿಮಿಷಕ್ಕೊಂದು ಗಾಡಿ ಬರುವಲ್ಲಿ ಮಳಿಗೆ ತಾನಾಗಿ ನಡೆಯುತ್ತದೆ. ಬೆರಳೆಣಿಕೆಯ ಗಾಡಿಗಳು ನಿಲ್ಲುವಲ್ಲಿ ಮಳಿಗೆಯ ಬಾಗಿಲು ಎಷ್ಟು ಚೆಂದವಿದ್ದರೇನು?

ಸರ್ಕಾರಿ ಸೇವೆಯಲ್ಲಿ ನಾವು ತುಂಬುತ್ತಿದ್ದ ಪ್ರಗತಿ ಪರಿಶೀಲನಾ ನಮೂನೆಗಳಲ್ಲಿ ಎರಡು ಅಂಕಣಗಳು ತಪ್ಪದೆ ಇರುತ್ತಿದ್ದವು: ಭೌತಿಕ ಪ್ರಗತಿ ಮತ್ತು ಆರ್ಥಿಕ ಪ್ರಗತಿ. ಕಟ್ಟಡ ಎಷ್ಟು ಮೇಲೆದ್ದಿದೆ, ಹಣ ಎಷ್ಟು ಖರ್ಚಾಗಿದೆ ಎಂಬುದು ಶೇಕಡಾವಾರು ದಾಖಲಾಗುತ್ತಿತ್ತು. ಕಟ್ಟಿದ್ದನ್ನು ಜನ ಎಷ್ಟು ಬಳಸುತ್ತಿದ್ದಾರೆ ಎಂಬುದಕ್ಕೆ ಮೂರನೆಯ ಅಂಕಣ ಇರುತ್ತಿರಲಿಲ್ಲ. ಬಾಗಿಲು ಮುಚ್ಚಿದ ಸಮುದಾಯ ಭವನಗಳು, ಹರಾಜಾಗದ ಮಾರುಕಟ್ಟೆ ಮಳಿಗೆಗಳು ಕಾಗದದ ಮೇಲೆ ನೂರಕ್ಕೆ ನೂರು ಸಾಧನೆಗಳಾಗಿದ್ದವು. ನಿಲ್ದಾಣಗಳಿಗೂ ಅದೇ ಗತಿ ಬರಬಾರದೆಂಬುದೇ ನನ್ನ ಕಳಕಳಿ.

ಕುಷ್ಟಗಿಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಮೊದಲು ದೊರೆತ ರೈಲು ಹುಬ್ಬಳ್ಳಿಯದು. ಹುಬ್ಬಳ್ಳಿಯ ಆಸ್ಪತ್ರೆಗಳು, ಮಾರುಕಟ್ಟೆ, ಕಾಲೇಜುಗಳ ದೃಷ್ಟಿಯಿಂದ ಅದು ಅಗತ್ಯವೂ ಹೌದು. ಆದರೆ ತಳಕಲ್ ಇರುವುದು ಕೊಪ್ಪಳದ ಪಶ್ಚಿಮಕ್ಕೆ, ಗದಗಿನ ಕಡೆಗೆ. ಆದ್ದರಿಂದ ಕುಷ್ಟಗಿ, ಯಲಬುರ್ಗಾಗಳಿಂದ ಹೊರಟ ಹುಬ್ಬಳ್ಳಿ ಗಾಡಿ ತನ್ನದೇ ಜಿಲ್ಲಾ ಕೇಂದ್ರವನ್ನು ಮುಟ್ಟುವುದಿಲ್ಲ. ನೂರನಲವತ್ತು ವರ್ಷಗಳ ಹಿಂದೆ ಕೊಪ್ಪಳದವನಿಗೆ ರಾಯಚೂರು ಹೇಗೋ, ಇಂದು ಕುಷ್ಟಗಿಯವನಿಗೆ ಕೊಪ್ಪಳ ಹಾಗೆ. ಕುಷ್ಟಗಿಯಿಂದ ಕೊಪ್ಪಳಕ್ಕೆ ನೇರ ರಸ್ತೆಯಿದೆ, ಬಸ್ಸುಗಳಿವೆ ಎಂಬುದು ನಿಜ. ಆದರೆ ಕೊಪ್ಪಳದಿಂದಾಚೆ ಹೊಸಪೇಟೆ, ಬಳ್ಳಾರಿ, ಬೆಂಗಳೂರಿಗೆ ಹೋಗಬೇಕಾದವನಿಗೆ ತಳಕಲ್ಲಿನಲ್ಲಿ ಪೂರ್ವದ ಕಡೆಗೆ ಜೋಡಣೆ ಗಾಡಿ ಸಿಗದಿದ್ದರೆ ಕುಷ್ಟಗಿಯ ನಿಲ್ದಾಣ ಅವನ ಪಾಲಿಗೆ ಅರ್ಧ ನಿಲ್ದಾಣ ಮಾತ್ರ.

ಇನ್ನು ಕೊಪ್ಪಳ. ಗದಗದಿಂದ ಹೊಸಪೇಟೆಯವರೆಗಿನ ಹಳಿಯ ಇಕ್ಕೆಲಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಏನೇನು ಬೆಳೆದಿದೆಯೆಂದು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಭಾನಾಪುರದ ಬಳಿ ಆಟಿಕೆ ತಯಾರಿಕಾ ಕ್ಲಸ್ಟರ್ ತಲೆಯೆತ್ತಿದೆ. ಗಿಣಿಗೇರಾ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಕೊಪ್ಪಳಕ್ಕೆ ಅಂಟಿಕೊಂಡೇ, ಹಳಿಯ ಆಚೆ ಬದಿಗೆ, ನೇಕಾರಿಕೆಗೂ ಕೂದಲು ಸಂಸ್ಕರಣೆಯ ಉದ್ಯಮಕ್ಕೂ ಹೆಸರಾದ ಭಾಗ್ಯನಗರವಿದೆ. ಮುನಿರಾಬಾದಿನಾಚೆ ತುಂಗಭದ್ರೆ, ಅದರ ದಡದಲ್ಲಿ ಹೊಸಪೇಟೆ. ಪ್ರತಿದಿನ ಬೆಳಿಗ್ಗೆ ಸಾವಿರಾರು ಕಾರ್ಮಿಕರು, ವಿದ್ಯಾರ್ಥಿಗಳು, ನೌಕರರು ಈ ಪಟ್ಟಿಯುದ್ದಕ್ಕೂ ಬಸ್ಸು, ಟಂಟಂ, ಬೈಕುಗಳಲ್ಲಿ ಹೆದ್ದಾರಿಯ ಲಾರಿಗಳ ನಡುವೆ ಓಡಾಡುತ್ತಾರೆ. ಮುಂಬಯಿಯವರು ಇದನ್ನು ಉಪನಗರ ಸಂಚಾರವೆಂದು ಕರೆಯುತ್ತಿದ್ದರು. ನಾವು ಅದಕ್ಕೆ ಹೆಸರನ್ನೇ ಇಟ್ಟಿಲ್ಲ. ಈಗ ಹಳಿ ಜೋಡಿಯಾಗಿದೆ, ವಿದ್ಯುದೀಕರಣವೂ ಆಗಿದೆ. ಆದರೆ ಈ ಸಾಮರ್ಥ್ಯ ಅದಿರು, ಕಲ್ಲಿದ್ದಲು, ಉಕ್ಕಿನ ಸರಕು ಗಾಡಿಗಳಿಗಾಗಿ ಹುಟ್ಟಿದ್ದು. ಮಾರ್ಮುಗೋವಾ ಬಂದರಿಗೂ ಬಳ್ಳಾರಿ ಸೀಮೆಗೂ ನಡುವಿನ ಕೊಂಡಿಯಾಗಿ. ಹಂಪಿ ಎಕ್ಸ್‌ಪ್ರೆಸ್, ಅಮರಾವತಿ ಎಕ್ಸ್‌ಪ್ರೆಸ್‌ಗಳಂಥ ದೂರದ ಗಾಡಿಗಳು ಕೊಪ್ಪಳದ ಮೂಲಕ ಓಡುತ್ತವೆ. ದೂರ ಹೋಗುವವನಿಗೆ ಅವು ಸರಿ. ಎಂಟು ಗಂಟೆಯ ಪಾಳಿಗೆ ಗಿಣಿಗೇರಾ ತಲುಪಬೇಕಾದವನಿಗೆ ಅವುಗಳಿಂದ ಏನು ಪ್ರಯೋಜನ?

ರೈಲ್ವೆ ಇಲಾಖೆಯ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ: ಸ್ಥಳೀಯ ಗಾಡಿಗಳಲ್ಲಿ ಜನ ಇರುವುದಿಲ್ಲ, ನಷ್ಟವಾಗುತ್ತದೆ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಪ್ರಯಾಣಿಕ ಗಾಡಿಗಳು ಲಾಭ ತರುವುದಿಲ್ಲವೆಂಬುದು ನಿಜ. ಆದರೆ ಜನರಿಗೆ ಬೇಡದ ಹೊತ್ತಿಗೆ ಗಾಡಿ ಓಡಿಸಿ, ಅದರಲ್ಲಿ ಜನರಿಲ್ಲವೆಂದು ತೋರಿಸಿ, ಆ ಕಾರಣಕ್ಕೆ ಇನ್ನೊಂದು ಗಾಡಿ ಬೇಡವೆನ್ನುವುದು ತರ್ಕವಲ್ಲ. ಬೇಡಿಕೆಯೆನ್ನುವುದು ದರವನ್ನು ಮಾತ್ರವಲ್ಲ, ವೇಳೆಯನ್ನೂ ಅವಲಂಬಿಸಿದೆ. ದರದ ಪ್ರಭಾವವನ್ನು ನಾವು ಈಚೆಗೆ ಕಂಡಿದ್ದೇವೆ. 2020ರ ಕೋವಿಡ್ ಕಾಲದ ನಂತರ ಪ್ಯಾಸೆಂಜರ್ ಗಾಡಿಗಳನ್ನು ಎಕ್ಸ್‌ಪ್ರೆಸ್ ವಿಶೇಷಗಳೆಂದು ಕರೆದು ಕನಿಷ್ಠ ಟಿಕೆಟ್ ದರವನ್ನು 10ರಿಂದ 30 ರೂಪಾಯಿಗೆ ಏರಿಸಲಾಗಿತ್ತು. 2024ರ ಫೆಬ್ರುವರಿಯಲ್ಲಷ್ಟೇ ಹಳೆಯ ದರ ಮರಳಿತು. ದಿನಗೂಲಿಯವನ ಪಾಲಿಗೆ ಆ ಇಪ್ಪತ್ತು ರೂಪಾಯಿಯ ಇಳಿಕೆ ಯಾವ ಹವಾನಿಯಂತ್ರಿತ ಕೊಠಡಿಗಿಂತಲೂ ದೊಡ್ಡ ಸುಧಾರಣೆ.

ಹಾಗಾದರೆ ಮಾಡಬೇಕಾದದ್ದೇನು? ಅಸಾಧ್ಯವಾದದ್ದನ್ನೇನೂ ನಾನು ಕೇಳುತ್ತಿಲ್ಲ.

ಮೊದಲನೆಯದಾಗಿ, ಗದಗ–ಕೊಪ್ಪಳ–ಹೊಸಪೇಟೆ ನಡುವೆ ಬೆಳಿಗ್ಗೆ ಮತ್ತು ಸಂಜೆ, ಕಾರ್ಖಾನೆಯ ಪಾಳಿಗೂ ಕಾಲೇಜು, ಕಚೇರಿಗಳ ವೇಳೆಗೂ ಹೊಂದುವಂತೆ, ತಳಕಲ್, ಭಾನಾಪುರ, ಗಿಣಿಗೇರಾ, ಮುನಿರಾಬಾದ್‌ಗಳಲ್ಲಿ ನಿಲ್ಲುವ ಮೆಮು ಗಾಡಿಗಳನ್ನು ಓಡಿಸಬೇಕು. ಎರಡನೆಯದಾಗಿ, ಕುಷ್ಟಗಿ ಕವಲಿನ ಗಾಡಿಗೆ ತಳಕಲ್ಲಿನಲ್ಲಿ ಅರ್ಧ ಗಂಟೆಯೊಳಗೆ ಕೊಪ್ಪಳದ ಕಡೆಗೆ ಜೋಡಣೆ ಸಿಗುವಂತೆ ವೇಳಾಪಟ್ಟಿ ಹೊಂದಿಸಬೇಕು. ಗಂಗಾವತಿ ಕವಲಿಗೆ ಗಿಣಿಗೇರಾದಲ್ಲಿ ಹೊಸಪೇಟೆಯ ಕಡೆಗೂ ಹಾಗೆಯೇ. ಮೂರನೆಯದಾಗಿ, ಹೊಸದಾಗಿ ರೂಪುಗೊಳ್ಳುವ ನಿಲ್ದಾಣದ ಅಂಗಳಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಗಾಡಿಯ ವೇಳೆಗೆ ಬಂದು ನಿಲ್ಲಬೇಕು. ಅಂಗಳ ವಾಹನ ನಿಲುಗಡೆಯ ಗುತ್ತಿಗೆದಾರರಿಗೆ ಮಾತ್ರ ಉಪಯೋಗವಾಗಬಾರದು. ಕೊಪ್ಪಳದಲ್ಲಿ ನಿಲ್ದಾಣದ ಪಾದಚಾರಿ ಸೇತುವೆ ಊರಿಗೂ ಭಾಗ್ಯನಗರಕ್ಕೂ ಸಮಾನವಾಗಿ ತೆರೆದುಕೊಳ್ಳುವುದು ನ್ಯಾಯ; ಹಳಿ ಇಬ್ಭಾಗ ಮಾಡಿದ ಊರನ್ನು ನಿಲ್ದಾಣವೇ ಬೆಸೆಯಬೇಕು.

ನಾಲ್ಕನೆಯದು ಆದ್ಯತೆಯ ಪ್ರಶ್ನೆ. ಸಾರ್ವಜನಿಕ ಹಣದ ಪ್ರತಿ ರೂಪಾಯಿಗೂ ಅರ್ಥಶಾಸ್ತ್ರ ಹೇಳುವ ಅವಕಾಶ ವೆಚ್ಚವಿದೆ. ಒಂದೆಡೆ ಸುರಿದದ್ದು ಇನ್ನೊಂದೆಡೆ ಸಿಗದು. ಗುಳೆ ಹೊರಟ ಕುಟುಂಬ ಗಂಟುಮೂಟೆ, ಮಕ್ಕಳು, ಮೂರು ಕಲ್ಲಿನ ಒಲೆಯ ಪಾತ್ರೆಗಳೊಂದಿಗೆ ರಾತ್ರಿಯಿಡೀ ಕಾಯುವುದು ಸಾಮಾನ್ಯ ದರ್ಜೆಯ ಬೋಗಿಗಾಗಿ. ಆ ಬೋಗಿ ನಿಲ್ಲುವುದು ಹೆಚ್ಚಾಗಿ ಪ್ಲಾಟ್‌ಫಾರಮಿನ ತುದಿಯಲ್ಲಿ. ಚಾವಣಿ, ನೀರು, ಬೆಳಕು, ಶೌಚಾಲಯ ಮೊದಲು ಅಲ್ಲಿಗೆ ತಲುಪಲಿ. ಮುಂಭಾಗದ ಕಮಾನು ಆಮೇಲೆ ಬರಲಿ.

ಕೊನೆಯದಾಗಿ, ಹಿಂದೆ ಹೇಳಿದ ಹಣದ ಮಾತು. ಹಳಿ ಹಾಕಲು ರಾಜ್ಯ ಅರ್ಧ ವೆಚ್ಚ ಕೊಡುತ್ತದೆ. ಆ ಹಳಿಯ ಮೇಲೆ ಯಾವ ಗಾಡಿ, ಯಾವಾಗ ಓಡಬೇಕೆಂಬುದನ್ನು ನಿರ್ಧರಿಸುವುದು ರೈಲ್ವೆ ಮಂಡಳಿ ಮತ್ತು ವಲಯ ಕಚೇರಿ. ಮನೆ ಕಟ್ಟಲು ಅರ್ಧ ಹಣ ಕೊಟ್ಟವನಿಗೆ ಅಡುಗೆಯ ಹೊತ್ತನ್ನು ಹೇಳುವ ಹಕ್ಕಿಲ್ಲವೆಂದರೆ ಹೇಗೆ? ಮುಂದಿನ ಪ್ರತಿಯೊಂದು ವೆಚ್ಚ ಹಂಚಿಕೆಯ ಒಪ್ಪಂದದಲ್ಲಿಯೂ ಮಾರ್ಗ ತೆರೆದ ಮೇಲೆ ದಿನಕ್ಕೆ ಕನಿಷ್ಠ ಎಷ್ಟು ಜೋಡಿ ಗಾಡಿಗಳು ಓಡಬೇಕೆಂಬ ಷರತ್ತನ್ನು ರಾಜ್ಯ ಸರ್ಕಾರ ಸೇರಿಸಬೇಕು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಸ್ಥಾಪನೆಯಾದಾಗ ನಾವು ಹರ್ಷಪಟ್ಟದ್ದು ವೇಳಾಪಟ್ಟಿ ಬರೆಯುವವರು ನಮಗೆ ಹತ್ತಿರವಾದರೆಂದೇ ಅಲ್ಲವೇ? ನಮ್ಮ ಸಂಸದರು, ಶಾಸಕರು ಸಲಹಾ ಸಮಿತಿಗಳ ಸಭೆಗಳಲ್ಲಿ ಹೊಸ ಗಾಡಿಯ ಹೆಸರಿಗಾಗಿ ಹಟ ಹಿಡಿಯುವಷ್ಟೇ ಇದ್ದ ಗಾಡಿಯ ವೇಳೆಗಾಗಿಯೂ ಹಟ ಹಿಡಿಯಬೇಕು. ಪ್ರತಿ ನಿಲ್ದಾಣದಲ್ಲಿ ದಿನವೂ ಎಷ್ಟು ಜನ ಹತ್ತಿಳಿಯುತ್ತಾರೆಂಬ ಲೆಕ್ಕ ವರ್ಷಕ್ಕೊಮ್ಮೆ ಆ ನಿಲ್ದಾಣದ ಗೋಡೆಯ ಮೇಲೆಯೇ ಪ್ರಕಟವಾಗಲಿ. ನಮ್ಮ ನಮೂನೆಗಳಲ್ಲಿ ಇಲ್ಲದ ಆ ಮೂರನೆಯ ಅಂಕಣ ಜನರ ಕಣ್ಣಿಗೆ ಬೀಳುವಂತಿರಲಿ.

ಬರ ಬಂದಾಗ ಧಾನ್ಯ ತರಲೆಂದು ಹಾಕಿದ ಹಳಿಯ ಮೇಲೆ ಈ ಸೀಮೆಯ ಜನ ಬರ ಬಂದಾಗಲೆಲ್ಲ ಊರು ಬಿಟ್ಟು ಹೋದರು. ಹೊಸ ಹಳಿಗಳೂ ಹೊಸ ನಿಲ್ದಾಣಗಳೂ ಅವರನ್ನು ಇನ್ನಷ್ಟು ಅನುಕೂಲವಾಗಿ ಊರು ಬಿಡಿಸಿದರೆ ಅದನ್ನು ಅಭಿವೃದ್ಧಿ ಎನ್ನಲಾಗದು. ಭಾನಾಪುರದಲ್ಲೋ ಗಿಣಿಗೇರಾದಲ್ಲೋ ದುಡಿದು, ಸಂಜೆಯ ಗಾಡಿ ಹಿಡಿದು, ರಾತ್ರಿಯ ಊಟಕ್ಕೆ ಯಲಬುರ್ಗಾದ ತಮ್ಮ ಮನೆಗೆ ಮರಳುವಂತಾದರೆ ಕೋಟಿಗಟ್ಟಲೆ ಹಣಕ್ಕೆ ಬೆಲೆ ಬಂದೀತು. ಅದಕ್ಕೆ ಬೇಕಾಗಿರುವುದು ಇನ್ನೊಂದು ಶಂಕುಸ್ಥಾಪನೆಯಲ್ಲ. ವೇಳಾಪಟ್ಟಿಯಲ್ಲಿ ಎರಡು ಹೊಸ ಸಾಲುಗಳು.